ಹಳೆಯ ಬೇಸ್ ಗಿಟಾರಿಗೆ ಹೊಸ ಪಿಕಪ್

ಅಮೆರಿಕದ ಫೆಂಡರ್ ಸಂಸ್ಥೆ 1960ರಲ್ಲಿ ಹೊರತಂದ ಜಾಝ್ ಬೇಸ್ ಗಿಟಾರಿನ ನಕಲುಗಳನ್ನು 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ತಯಾರಿಸಿದವು. ಇಂಥ ಹಳೆಯ ವಾದ್ಯದ ಧ್ವನಿ ಸಪ್ಪೆ ಎನಿಸಿದರೆ ಹಲವರು ಮೊದಲು ಬದಲಿಸುವುದು ಪಿಕಪ್ಪನ್ನು.

ಕಾಂತಗಳ ಸುತ್ತ ತೆಳು ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯೇ ಪಿಕಪ್. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಬದಲಾಗಿ ವೋಲ್ಟೇಜು ಪ್ರೇರಿತವಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವಿದು. ಸುತ್ತು ಹೆಚ್ಚಿದರೆ ಸಂಕೇತ ಬಲಗೊಳ್ಳುತ್ತದೆ, ನಿಜ. ಪ್ರೇರಕತ್ವವೂ ಹೆಚ್ಚಿ ಮೇಲಿನ ಆವೃತ್ತಿಗಳು ಕುಗ್ಗುತ್ತವೆ. 'ಹೆಚ್ಚು ಬಲ' ಎಂಬ ಜಾಹೀರಾತಿಗೆ ಮರುಳಾಗಬೇಡಿ.

ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್ ಸದ್ದನ್ನೂ ಸುರುಳಿ ಹಿಡಿಯುತ್ತದೆ. ಜಾಝ್ ಬೇಸ್ ಬಗೆಯ ಗಿಟಾರಿನಲ್ಲಿ ಪಿಕಪ್ ಎರಡು. ಅವುಗಳ ಸುತ್ತಿನ ದಿಕ್ಕೂ ಕಾಂತಧ್ರುವವೂ ಪರಸ್ಪರ ವಿರುದ್ಧವಾಗಿದ್ದರೆ, ಎರಡನ್ನೂ ಸಮನಾಗಿ ತೆರೆದಾಗ ತಂತಿಯ ಸಂಕೇತಗಳು ಕೂಡುತ್ತವೆ, ಗುಂಯ್ ಸದ್ದು ಅಳಿಯುತ್ತದೆ. ಒಂದನ್ನೇ ಬದಲಿಸಿದರೆ ಈ ಹೊಂದಾಣಿಕೆ ಕೆಡಬಹುದು. ವೈರುಗಳನ್ನು ಅದಲುಬದಲು ಮಾಡಿದರಾಯಿತಲ್ಲ ಎನ್ನುವಿರಾ? ಅದರಿಂದ ಸಂಕೇತವೂ ಗುಂಯ್ ಸದ್ದೂ ಒಟ್ಟಿಗೇ ತಿರುವುಮುರುವಾಗುತ್ತವೆ. ಧ್ರುವಗಳು ಒಂದೇ ಆಗಿದ್ದರೆ, ಸಂಕೇತ ಕೂಡುವಾಗ ಗುಂಯ್ ಸದ್ದೂ ಕೂಡುತ್ತದೆ. ಗುಂಯ್ ಅಳಿಸಹೊರಟರೆ ಧ್ವನಿಯೇ ತೆಳುವಾಗುತ್ತದೆ.

ಹಾಗಾಗಿ ಬೆಸುಗೆಗೆ ಮೊದಲು ದಿಕ್ಸೂಚಿ ಹಿಡಿದು ನೋಡಿರಿ. ಹಳೆಯ ಪಿಕಪ್ಪಿನ ಮೇಲ್ಮುಖ ಸೂಜಿಯ ಉತ್ತರ ತುದಿಯನ್ನು ಸೆಳೆದರೆ, ಹೊಸದು ದಕ್ಷಿಣ ತುದಿಯನ್ನು ಸೆಳೆಯಬೇಕು. (ತೀರ ಹತ್ತಿರ ಹಿಡಿಯಬೇಡಿ, ಸೂಜಿಯ ಧ್ರುವವೇ ಅದಲುಬದಲಾದೀತು.) ನಕಲುಗಳ ಅಳತೆ ಎಷ್ಟೋ ಸಲ ಮೂಲದಂತಿರುವುದಿಲ್ಲ. ಪಿಕಪ್ ಕೂರುವ ಗುಂಡಿಯ ಉದ್ದಗಲವನ್ನೂ ತಂತಿಗಳ ಅಂತರವನ್ನೂ ಮಿಲಿಮೀಟರಿನಲ್ಲಿ ಅಳೆದ ಮೇಲೆಯೇ ಹೊಸದನ್ನು ಕೊಳ್ಳಿರಿ.