ಓರಾನಿನ ಬೆಟ್ಟದ ಮಾತೆ, ಬೀದಿಯ ರಾಯ್

ಓರಾನ್ ಅಲ್ಜೀರಿಯಾದ ಎರಡನೆಯ ದೊಡ್ಡ ನಗರ, ಮೆಡಿಟರೇನಿಯನ್ ತೀರದ ಬಂದರು. ಊರಿನ ಯಾವ ಮೂಲೆಯಲ್ಲಿ ನಿಂತರೂ ಪಶ್ಚಿಮಕ್ಕೆ ಮುರ್ಜಾಜೊ ಬೆಟ್ಟ ಎದ್ದು ಕಾಣುತ್ತದೆ. ಅದರ ನೆತ್ತಿಯ ಮೇಲೆ ಸ್ಪೇನಿನವರು ಕಟ್ಟಿದ ಸಾಂತಾಕ್ರೂಜ್ ಕೋಟೆಯಿದೆ. ಕೋಟೆಗೆ ತುಸು ಕೆಳಗೆ ಅದೇ ಹೆಸರಿನ ಕ್ರೈಸ್ತ ಪ್ರಾರ್ಥನಾ ಮಂದಿರ. ಅದರ ಗೋಪುರದ ಮೇಲೆ ಕೈಚಾಚಿ ನಿಂತ ಮರಿಯಮ್ಮನವರ ಪ್ರತಿಮೆ. ಬೆಟ್ಟದ ಬುಡದ ಹಳೇ ಪೇಟೆಗೆ 15ನೇ ಶತಮಾನದ ಮುಸ್ಲಿಂ ಸಂತ ಸಿದಿ ಎಲ್ ಹುವಾರಿಯ ಹೆಸರು. ಮಗನನ್ನು ಕೊಂದ ಊರಿಗೆ ಆ ಸಂತ ಶಾಪ ಹಾಕಿದರು, ಆದ್ದರಿಂದಲೇ 1509ರಲ್ಲಿ ಓರಾನ್ ಸ್ಪೇನಿನ ಪಾಲಾಯಿತು ಎನ್ನುವುದು ಸ್ಥಳೀಯ ಐತಿಹ್ಯ. ಊರಿಗೆ ಕೆಳಗೊಂದು ಶಾಪದ ಕತೆಯಿದ್ದರೆ, ಮೇಲೊಂದು ಹರಕೆಯ ಕತೆಯಿದೆ.

ಹರಕೆಯ ಕತೆ 1849ರದು. ಆಗ ಓರಾನಿನಲ್ಲಿ ಫ್ರೆಂಚರ ಆಡಳಿತ. ಕಾಲರಾ ಬಂದು ಜನ ಸಾಲುಸಾಲಾಗಿ ಸಾಯುತ್ತಿದ್ದರು. ಏನೂ ದಾರಿ ತೋಚದೆ ಕೂತವರನ್ನು ಜನರಲ್ ಪೆಲಿಸಿಯೆ ಗದರಿಕೊಂಡನಂತೆ: ಬೆಟ್ಟದ ಮೇಲೊಂದು ಮಾತೆಯ ಪ್ರತಿಮೆ ಇಡಿ, ಕಾಲರಾವನ್ನು ಸಮುದ್ರಕ್ಕೆ ಎಸೆಯುವ ಕೆಲಸ ಆಕೆಯೇ ನೋಡಿಕೊಳ್ಳುತ್ತಾಳೆ ಎಂದು. ನವೆಂಬರಿನಲ್ಲಿ ಪ್ರತಿಮೆಯ ಮೆರವಣಿಗೆ ಬೆಟ್ಟ ಹತ್ತಿತು. ಆಮೇಲೆ ಮಳೆ ಸುರಿಯಿತು, ರೋಗ ಇಳಿಯಿತು ಎಂದು ಭಕ್ತರು ನಂಬಿದರು. ಮರುವರ್ಷವೇ ಅಲ್ಲಿ ಪುಟ್ಟ ಮಂದಿರ ಎದ್ದಿತು. ಪ್ರಭುವಿನ ಸ್ವರ್ಗಾರೋಹಣ ಹಬ್ಬದ ದಿನ ಬೆಟ್ಟ ಹತ್ತುವುದು ಓರಾನಿನ ಕ್ರೈಸ್ತರ ವಾಡಿಕೆಯಾಯಿತು.

ಆ ವಾಡಿಕೆ ಊರಲ್ಲಿ ನಡೆದದ್ದು 1962ರವರೆಗೆ. ಅಲ್ಜೀರಿಯಾ ಸ್ವತಂತ್ರವಾದಾಗ ಯುರೋಪಿಯನ್ ಮೂಲದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಡಗು ಹತ್ತಿದರು. ತಮ್ಮ ಮಾತೆಗಾಗಿ ಫ್ರಾನ್ಸಿನ ನೀಮ್ ನಗರದಲ್ಲಿ ಇನ್ನೊಂದು ಗುಡಿ ಕಟ್ಟಿಕೊಂಡರು. ಸ್ವರ್ಗಾರೋಹಣದ ಜಾತ್ರೆ ಅಲ್ಲಿ ಸೇರತೊಡಗಿತು. ಇತ್ತ ಓರಾನಿನಲ್ಲಿ ಕಾಂಕ್ರೀಟಿನ ದೊಡ್ಡ ಕೆಥೆಡ್ರಲ್ ಸಾರ್ವಜನಿಕ ಗ್ರಂಥಾಲಯವಾಯಿತು, ಯಹೂದಿಗಳ ಮಹಾ ಸಿನಗಾಗ್ ಮಸೀದಿಯಾಯಿತು.

ಜನ ಹೋದರು, ಹಾಡು ಉಳಿಯಿತು. ಓರಾನ್ ಎಂದರೆ ಜಗತ್ತಿಗೆ ನೆನಪಾಗುವುದು ರಾಯ್ ಸಂಗೀತ. ಅದರ ಹಳೆಯ ರೂಪಕ್ಕೆ ಬೇಕಾದದ್ದು ಎರಡೇ ವಾದ್ಯ. ಒಂದು ಗಸ್ಬಾ, ಅಂದರೆ ಜೊಂಡಿನ ಉದ್ದ ಕೊಳಲು; ಓರೆಯಾಗಿ ಹಿಡಿದು ಊದಿದಾಗ ಸ್ವರದ ಜೊತೆ ಉಸಿರಿನ ಸದ್ದೂ ಕೇಳಿಸುತ್ತದೆ. ಇನ್ನೊಂದು ಗೆಲ್ಲಾಲ್ ಎಂಬ ಉದ್ದನೆಯ ಚರ್ಮವಾದ್ಯ. ಹಳ್ಳಿಯ ಶೇಖ್‌ಗಳು ಇವನ್ನಿಟ್ಟುಕೊಂಡು ಪದ್ಯ ಹಾಡುತ್ತಿದ್ದರು. ಮದುವೆ ಮನೆಗಳ ಹೆಂಗಸರ ಕೂಟದಲ್ಲಿ ಮದ್ದಾಹಾತ್ ಎಂಬ ಗಾಯಕಿಯರು ಪ್ರವಾದಿಯ, ಸಂತರ ಸ್ತುತಿಯಿಂದ ಶುರುಮಾಡಿ ಪ್ರೇಮ, ವಿರಹಕ್ಕೆ ಹೊರಳುತ್ತಿದ್ದರು. ಈ ಎರಡು ಧಾರೆಗಳ ಮಗಳು ಶೇಖಾ ರಿಮಿತ್ತಿ. ಬಡತನದಲ್ಲಿ, ಅಲೆದಾಟದಲ್ಲಿ ಬೆಳೆದ ಆಕೆ ಹೆಣ್ಣಿನ ಆಸೆ, ಕುಡಿತ, ದುಃಖಗಳನ್ನು ಮುಚ್ಚುಮರೆಯಿಲ್ಲದೆ ಹಾಡಿದಳು. ಆಮೇಲೆ ವಾದಕ ಬೆಲ್ಲೆಮೂ ಮೆಸೌದ್ ಗಸ್ಬಾದ ಜಾಗಕ್ಕೆ ಟ್ರಂಪೆಟ್ ತಂದ. ಮುಂದಿನ ಪೀಳಿಗೆ ಸಿಂಥಸೈಜರ್ ಸೇರಿಸಿತು. ಆ ಪೀಳಿಗೆಯ ಖಾಲಿದ್ ಓರಾನಿನ ಹುಡುಗ; 1992ರ ಅವನ ‘ದೀದಿ’ ಭಾರತದಲ್ಲೂ ಮನೆಮಾತಾಯಿತು. 2022ರಲ್ಲಿ ಯುನೆಸ್ಕೊ ರಾಯ್ ಅನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ 1990ರ ದಶಕದಲ್ಲಿ ಪ್ರಾರ್ಥನೆ, ಹಾಡು ಎರಡೂ ಒಂದೇ ಬಂದೂಕಿನ ಗುರಿಯಾದವು. ಸರ್ಕಾರಕ್ಕೂ ಇಸ್ಲಾಮಿ ಬಂಡುಕೋರರಿಗೂ ಅಂತರ್ಯುದ್ಧ ನಡೆಯುತ್ತಿತ್ತು. ಪ್ರೇಮಗೀತೆಗಳ ರಾಜ ಶೆಬ್ ಹಸ್ನಿಯನ್ನು 1994ರ ಸೆಪ್ಟೆಂಬರ್ 29ರಂದು ಓರಾನಿನ ಅವನ ಬಡಾವಣೆಯಲ್ಲೇ ಗುಂಡಿಕ್ಕಿ ಕೊಂದರು. ಅವನಿಗಿನ್ನೂ 26 ವರ್ಷ. ಮರುವರ್ಷ ಫೆಬ್ರುವರಿಯಲ್ಲಿ ರಾಯ್ ನಿರ್ಮಾಪಕ ರಶೀದ್ ಬಾಬಾ ಅಹ್ಮದ್ ಇದೇ ಊರಿನಲ್ಲಿ ಹತನಾದ. 1996ರ ಆಗಸ್ಟ್ 1ರ ರಾತ್ರಿ ಓರಾನಿನ ಧರ್ಮಾಧ್ಯಕ್ಷ ಪಿಯೆರ್ ಕ್ಲಾವೆರಿಯವರ ನಿವಾಸದಲ್ಲಿ ಬಾಂಬ್ ಸಿಡಿಯಿತು. ಕ್ಲಾವೆರಿ ಹುಟ್ಟಿದ್ದು ಅಲ್ಜಿಯರ್ಸಿನ ಫ್ರೆಂಚ್ ಕುಟುಂಬದಲ್ಲಿ. ಪಕ್ಕದಲ್ಲೇ ಇದ್ದ ಅರಬ್ಬರನ್ನು ಎಳವೆಯಲ್ಲಿ ಕಂಡೂ ಕಾಣದಂತೆ ಬೆಳೆದೆ ಎಂಬ ಕೊರಗು ಅವರಿಗಿತ್ತು. ಅರಬ್ಬಿ ಕಲಿತರು, ಸ್ವತಂತ್ರ ಅಲ್ಜೀರಿಯಾದ ಪ್ರಜೆಯಾಗಿ ಬಾಳಲು ಬಯಸಿದರು. ಬೆದರಿಕೆಗಳಿದ್ದರೂ ಊರು ಬಿಡಲಿಲ್ಲ; ಕಾಯಿಲೆ ಬಿದ್ದ ಗೆಳೆಯನ ಹಾಸಿಗೆಯ ಪಕ್ಕ ಕೂರುವುದೇ ಚರ್ಚಿನ ಕೆಲಸ ಎನ್ನುತ್ತಿದ್ದರು. ಅವರೊಂದಿಗೆ ಪ್ರಾಣ ಬಿಟ್ಟ ಮಹಮ್ಮದ್ ಬುಶಿಖಿ ಅವರ ಕಾರು ಓಡಿಸುತ್ತಿದ್ದ ಮುಸ್ಲಿಂ ಯುವಕ. ತನ್ನ ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ಆತ ಎಲ್ಲರಿಗೂ ಶಾಂತಿ ಕೋರಿ, ಎಲ್ಲರಲ್ಲೂ ಕ್ಷಮೆ ಕೇಳಿದ್ದ. ಶವಸಂಸ್ಕಾರದ ದಿನ ಚರ್ಚು ತುಂಬಿದವರಲ್ಲಿ ಮುಸ್ಲಿಮರು ಬಹಳ ಮಂದಿ.

2018ರ ಡಿಸೆಂಬರ್ 8ರಂದು ಕ್ಲಾವೆರಿ ಮತ್ತು ಆ ವರ್ಷಗಳಲ್ಲಿ ಅಲ್ಜೀರಿಯಾದಲ್ಲಿ ಮಡಿದ ಇನ್ನೂ 18 ಧರ್ಮಗುರು, ಸನ್ಯಾಸಿ, ಸನ್ಯಾಸಿನಿಯರಿಗೆ ಸಂತ ಪದವಿಗೆ ಮುಂಚಿನ ಹಂತವಾದ ಪುನೀತ ಪದವಿ ಘೋಷಿಸಿದ್ದು ಇದೇ ಸಾಂತಾಕ್ರೂಜ್ ಬೆಟ್ಟದ ಮೇಲೆ. ಮುಸ್ಲಿಂ ಬಹುಸಂಖ್ಯಾತ ದೇಶದಲ್ಲಿ ಅಂಥದ್ದು ಅಪರೂಪ. ಸತ್ತ ಸಾವಿರಾರು ಅಲ್ಜೀರಿಯನ್ನರನ್ನೂ ಅಂದು ಸ್ಮರಿಸಲಾಯಿತು. ಪ್ರಾಣ ಕೊಟ್ಟ ಇಮಾಮರೂ ಆ ನೆನಪಿನಲ್ಲಿದ್ದರು.

ಈಗ ಓರಾನಿನ ಕಥೋಲಿಕರು ಬೆರಳೆಣಿಕೆಯಷ್ಟು. ಹೆಚ್ಚಿನವರು ಸಹಾರಾದ ದಕ್ಷಿಣದ ದೇಶಗಳಿಂದ ಓದಲು, ದುಡಿಯಲು ಬಂದವರು. ವಾರದ ರಜೆ ಶುಕ್ರವಾರವಾದ್ದರಿಂದ ಅಲ್ಜೀರಿಯಾದಲ್ಲಿ ಬಲಿಪೂಜೆಗೆ (ಮಾಸ್) ಜನ ಸೇರುವುದು ಹೆಚ್ಚಾಗಿ ಅಂದೇ. 2006ರ ಕಾನೂನಿನ ಪ್ರಕಾರ ಅನ್ಯಧರ್ಮೀಯರ ಆರಾಧನೆಗೆ ಸರ್ಕಾರದ ಅನುಮತಿ ಬೇಕು. ಮುಸ್ಲಿಮರನ್ನು ಮತಾಂತರಿಸಿದರೆ ಜೈಲು. 2017ರ ಕೊನೆಯಿಂದೀಚೆಗೆ ಎಷ್ಟೋ ಪ್ರಾಟೆಸ್ಟೆಂಟ್ ಚರ್ಚುಗಳಿಗೆ ಬೀಗ ಬಿದ್ದಿದೆ. ದೂರದ ದೇಶಗಳಲ್ಲಿ ಕೂತು ನಗರಗಳ ಪಟ್ಟಿ ಹಿಡಿದು ಓರಾನಿಗಾಗಿ, ಅದರ ಗಾಯಕರಿಗಾಗಿ ಪ್ರಾರ್ಥಿಸುವ ಕ್ರೈಸ್ತರೂ ಇದ್ದಾರೆ. ಊರು ಬದಲಾಗಲಿ ಎನ್ನುವುದು ಅವರಲ್ಲಿ ಹಲವರ ಬಯಕೆ. ಊರಲ್ಲೇ ಇರುವವರ ಪ್ರಾರ್ಥನೆಯ ಧಾಟಿ ಬೇರೆ: ನೆರೆಯವರು ಚೆನ್ನಾಗಿರಲಿ, ನಾವೂ ಅವರ ಜೊತೆಗಿರುವಂತಾಗಲಿ.

ಬೆಟ್ಟಕ್ಕೆ ಹೋಗುವವರಲ್ಲಿ ಇಂದು ಬಹುಪಾಲು ಮುಸ್ಲಿಂ ಕುಟುಂಬಗಳೇ. ಬಂದರು ನೋಡುತ್ತಾರೆ, ಮಾತೆಯ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಊರಿಗಾಗಿ ಬೇಡುವ ಹಕ್ಕು ಅದರ ಕಷ್ಟದ ದಿನಗಳಲ್ಲಿ ಜೊತೆಗೆ ನಿಂತವರಿಗೆ ಮೊದಲು ಸಲ್ಲಬೇಕು. ಹಸ್ನಿ ಬಿದ್ದ ಊರಿನಲ್ಲೇ ಕ್ಲಾವೆರಿಯೂ ಉಳಿದು ಬಿದ್ದದ್ದರಿಂದ, ಓರಾನಿನ ಈ ಸಣ್ಣ ಚರ್ಚು ಆ ಹಕ್ಕನ್ನು ಗಳಿಸಿಕೊಂಡಿದೆ.