ವಿಷ ಸೇವನೆ: ಆಸ್ಪತ್ರೆಗೆ ಹೋಗುವಾಗ ಬಾಟಲಿಯೂ ಜೊತೆಗಿರಲಿ

ಬೆಳೆಗೆ ಔಷಧಿ ಹೊಡೆಯೋ ದಿನಗಳಲ್ಲಿ ಆಸ್ಪತ್ರೆಗೆ ವಿಷದ ಕೇಸುಗಳೂ ಬರುತ್ತವೆ. ಮನನೊಂದು ಕುಡಿದವರು, ಸಿಂಪಡಿಸುವಾಗ ಮೈಮೇಲೆ ಚೆಲ್ಲಿಕೊಂಡವರು, ಜ್ಯೂಸ್ ಅಂದುಕೊಂಡು ಬಾಯಿಗಿಟ್ಟ ಮಕ್ಕಳು, ಹೀಗೆ ಎಲ್ಲರೂ ಇರುತ್ತಾರೆ.

ಆರ್ಗನೋಫಾಸ್ಫೇಟ್ ಕೀಟನಾಶಕವಾದರೆ ಜೊಲ್ಲು, ವಿಪರೀತ ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಉಸಿರಾಟದ ತೊಂದರೆ ಕಾಣುತ್ತದೆ. ಇದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಆದರೆ ಎಲ್ಲ ವಿಷಕ್ಕೂ ಒಂದೇ ಮದ್ದಲ್ಲ. ಪೊಲೀಸ್ ಕೇಸ್ ಆಗುತ್ತೆ ಅಂತ ಮನೆಯವರು ಹೆಸರು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ, ಶಿಕ್ಷಿಸುವುದಿಲ್ಲ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆದು 108ಕ್ಕೆ ಕರೆ ಮಾಡಿ. ತೊಳೆಯೋರು ಕೈಗವಸು ಹಾಕಿಕೊಳ್ಳಲಿ. ಚೇತರಿಸಿಕೊಂಡರು ಅಂತ ಬೇಗ ಡಿಸ್ಚಾರ್ಜ್ ಕೇಳಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯು ಮತ್ತೆ ಸೋಲಬಹುದು.

ಅಂಗಡಿಯವರು ಔಷಧಿಯನ್ನು ಬಿಡಿಯಾಗಿ ಬೇರೆ ಬಾಟಲಿಗೆ ಸುರಿದು ಕೊಡಬಾರದು. ಲೇಬಲ್ ಹೋದರೆ ವೈದ್ಯರಿಗೆ ಸುಳಿವೂ ಹೋಯಿತು. ಮನೆಯಲ್ಲಿ ಔಷಧಿಗೆ ಬೀಗ ಇರಲಿ. ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲೂ ಉಚಿತವಾಗಿ ಮಾತಾಡಬಹುದು.