ಸರ್ಕಾರಿ ಆಸ್ಪತ್ರೆಯ ಮಾತ್ರೆಗೂ ವಿದೇಶಿ ಒಪ್ಪಂದಕ್ಕೂ ಏನು ಸಂಬಂಧ?



ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಬಿ. ಮಾತ್ರೆ ಪುಕ್ಕಟೆ ಸಿಗುತ್ತದೆ, ನಿಮಗೆಲ್ಲ ಗೊತ್ತು. ಆದರೆ ಸರ್ಕಾರಕ್ಕೆ ಅದು ಪುಕ್ಕಟೆ ಬರುವುದಿಲ್ಲ, ಕಂಪನಿಯಿಂದ ಕೊಂಡು ಕೊಡಬೇಕು. ಬೆಲೆ ಹತ್ತು ಪಟ್ಟಾದರೆ ಎಷ್ಟು ಜನರಿಗೆ ಕೊಟ್ಟೀತು?

ನಿಮ್ಮ ಸಾಂಬಾರ್ ಪುಡಿಯನ್ನೇ ತೆಗೆದುಕೊಳ್ಳಿ. ನೀವು ಮಾಡುವ ವಿಧಾನವನ್ನು ಬೇರೆಯವರು ನಕಲು ಮಾಡಬಾರದು ಅಂದರೆ ಅದೊಂದು ಮಾತು. ಸಾಂಬಾರ್ ಪುಡಿಯನ್ನೇ 20 ವರ್ಷ ಇನ್ಯಾರೂ ಮಾಡಕೂಡದು ಅಂದರೆ? ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಮೊದಲನೇ ಬಗೆಯ ಹಕ್ಕನ್ನು ಮಾತ್ರ ಕೊಟ್ಟಿತ್ತು. ಹಾಗಾಗಿ ನಮ್ಮ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಿ ಅಗ್ಗವಾಗಿ ಮಾರಿದವು. ಎಚ್.ಐ.ವಿ. ಔಷಧಿಗೆ ವಿದೇಶಿ ಕಂಪನಿಗಳು ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಕೇಳುತ್ತಿದ್ದ ಕಾಲದಲ್ಲಿ, 2001ರಲ್ಲಿ, ಮುಂಬೈನ ಸಿಪ್ಲಾ 350 ಡಾಲರಿಗೆ ಕೊಡಲು ಮುಂದೆ ಬಂತು.

ಭಾರತ 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅದರ ಒಪ್ಪಂದದಂತೆ 2005ರಿಂದ ಎರಡನೇ ಬಗೆಯ ಪೇಟೆಂಟನ್ನೂ ಕೊಡಬೇಕಾಯಿತು. ಆದರೆ ಸಂಸತ್ತು ಕಾಯ್ದೆಯಲ್ಲಿ ಒಂದು ಬೇಲಿ ಹಾಕಿತು, ಅದೇ 3(ಡಿ) ಕಲಂ. ಹಳೇ ಔಷಧಿಯನ್ನು ಸ್ವಲ್ಪ ಬದಲಿಸಿ ಹೊಸದು ಅಂದರೆ ನಡೆಯೋದಿಲ್ಲ, ರೋಗಕ್ಕೆ ಹೆಚ್ಚು ಗುಣವಿದೆ ಅಂತ ತೋರಿಸಬೇಕು. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ತಕರಾರು ಹಾಕಲು ಬಾಗಿಲನ್ನೂ ಇಟ್ಟಿತು.

ಆ ಬಾಗಿಲು ತಟ್ಟಿದವರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಇಬ್ಬರೂ ಟಿ.ಬಿ. ಗೆದ್ದವರು, ಚಿಕಿತ್ಸೆಯ ಹಳೇ ಔಷಧಿಗಳಿಂದ ಇಬ್ಬರ ಕಿವಿಯೂ ಹೋಯಿತು. ಔಷಧಿಗೆ ಬಗ್ಗದ ಟಿ.ಬಿ.ಗೆ ಬೆಡಾಕ್ವಿಲಿನ್ ಎಂಬ ಮಾತ್ರೆ ಬಂದಿತ್ತು. ಅದರ ಪೇಟೆಂಟ್ 2023ಕ್ಕೆ ಮುಗಿಯಬೇಕು, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2027ರ ತನಕ ಎಳೆಯಲು ಅರ್ಜಿ ಹಾಕಿತು. ಇವರಿಬ್ಬರು 2019ರಲ್ಲಿ ತಕರಾರು ಹಾಕಿದರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಿರಸ್ಕರಿಸಿತು. ಅದೇ ವರ್ಷ ಆಗಸ್ಟಿನಲ್ಲಿ, ಹಲವು ದೇಶಗಳಿಗೆ ಟಿ.ಬಿ. ಔಷಧಿ ಒದಗಿಸುವ ಜಾಗತಿಕ ವ್ಯವಸ್ಥೆಗೆ ಆರು ತಿಂಗಳ ಮಾತ್ರೆಯ ಬೆಲೆ 130 ಡಾಲರಿಗೆ ಇಳಿಯಿತು, ಮೊದಲಿನ ಅರ್ಧಕ್ಕಿಂತ ಕಡಿಮೆ. ಓದಿದಾಗ ನನಗಂತೂ ಕಣ್ಣು ತುಂಬಿ ಬಂತು.

ಶ್ರೀಮಂತ ದೇಶಗಳು ಹೊಸ ಒಪ್ಪಂದಗಳಲ್ಲಿ ಕೇಳುವುದು ಈ ಬೇಲಿ ಸಡಿಲಿಸಿ ಅಂತಲೇ. ಒಂದು ಬೇಡಿಕೆ ಹೀಗಿದೆ: ಔಷಧಿ ಪರೀಕ್ಷಿಸಿದ ಮೊದಲ ಕಂಪನಿಯ ದಾಖಲೆಯನ್ನು ನೋಡಿ ಸರ್ಕಾರ ಕೆಲವು ವರ್ಷ ಇನ್ನೊಬ್ಬರಿಗೆ ಅನುಮತಿ ಕೊಡಬಾರದು. ಅಂದರೆ ಪೇಟೆಂಟ್ ಇಲ್ಲದಿದ್ದರೂ ಬಾಗಿಲು ಬಂದ್! ಸ್ವಿಟ್ಜರ್ಲೆಂಡ್, ನಾರ್ವೆ ಸೇರಿದಂತೆ ನಾಲ್ಕು ದೇಶಗಳ ಜೊತೆ 2024ರ ಮಾರ್ಚಿನಲ್ಲಿ ಸಹಿಯಾದ ಒಪ್ಪಂದದಲ್ಲಿ ಭಾರತ ಇದಕ್ಕೆ ಒಪ್ಪಲಿಲ್ಲ. ಒಳ್ಳೆಯದಾಯಿತು. ಆದರೆ ಅದೇ ತಿಂಗಳು ಪೇಟೆಂಟ್ ನಿಯಮ ತಿದ್ದಿ, ಮೊದಲು ಪುಕ್ಕಟೆಯಾಗಿದ್ದ ತಕರಾರಿಗೆ ಶುಲ್ಕ ಹಾಕಿದರು. ಇದು ನನಗೆ ಸರಿ ಕಾಣಲಿಲ್ಲ.

ನಮ್ಮಿಂದ ಏನಾಗುತ್ತೆ ಅಂತೀರಾ? ಸರ್ಕಾರಿ ಆಸ್ಪತ್ರೆಯಲ್ಲಿ "ಈ ಮಾತ್ರೆ ಇಲ್ಲ, ಹೊರಗೆ ತಗೊಳ್ಳಿ" ಅಂದರೆ ಔಷಧಿಯ ಹೆಸರು, ತಾರೀಖು, ಅಂಗಡಿಯ ಬೆಲೆ, ಮೂರನ್ನೂ ಸಂಘದ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಆ ಪುಸ್ತಕ ತನ್ನಿ.